ಗಡಿಯಾರದ ನಿಲ್ದಾಣದಲ್ಲಿ ನಾಲ್ಕು ನಿಮಿಷ

ಟ್ರಾಲಿಬಸ್ ಚಾಲಕ ಸೈಲಾವ್ ಅಗಾ ದಿನವೂ ನನ್ನ ಮೇಲೆ ದೂರು ಹೇಳುತ್ತಿದ್ದರು. ಅವರ ದೂರಿನಲ್ಲಿ ನ್ಯಾಯವಿದೆ ಎನ್ನುವುದೇ ನನಗೆ ಸಿಟ್ಟು ತರಿಸುತ್ತಿತ್ತು.

"ಏನ್ ಕರಿಂದಾಸ್, ಇವತ್ತೂ ಹದಿನಾಲ್ಕು ಕೆಂಪು," ಎಂದು ಗಾಡಿಯೊಳಗಿನ ರೇಡಿಯೊದಲ್ಲಿ ಶುರು ಮಾಡುತ್ತಿದ್ದರು. ಕರಿಂದಾಸ್, ಅಂದರೆ ತಂಗಿ, ಎಂದು ಕರೆದುಕೊಂಡೇ ಬೈಯುವುದು ಅವರ ರೂಢಿ; ನನಗೆ ಅವರು ಅಗಾ, ಅಣ್ಣ. "ನನ್ನ ಹಿಂದೆ ಬರ್ತಾನಲ್ಲ ಆ ಝಾನಿಬೆಕ್, ಸ್ಟೇಷನ್ ಹತ್ರ ಸಮೋಸಾ ಮಾರೋಳ ಜೊತೆ ಹಲ್ಲು ಕಿರೀತಾ ಐದು ನಿಮಿಷ ತಡ ಮಾಡ್ತಾನೆ. ಅವನಿಗೆ ಹಸಿರು ಮೇಲೆ ಹಸಿರು! ಹೊತ್ತಿಗೆ ಸರಿಯಾಗಿ ಬರೋ ನಾನು ಚೌಕ ಚೌಕದಲ್ಲೂ ನಿಂತ್ಕೋಬೇಕು. ಇದ್ಯಾವ ಸೀಮೆ ನ್ಯಾಯ?"

"ನೀವೂ ಹಲ್ಲು ಕಿರೀರಿ ಅಗಾ, ಬೇಡ ಅಂದೋರ್ಯಾರು?"

"ಹಲ್ಲು ಇದ್ರೆ ತಾನೆ!"

ಹೊತ್ತಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿನ ಚಾಲಕ ನಮ್ಮ ಅಲ್ಮಾಟಿ ನಗರದಲ್ಲಿ ಇನ್ನೊಬ್ಬರಿರಲಿಲ್ಲ. ಚುನಾವಣೆಯ ದಿನ ಹುಟ್ಟಿದ್ದಕ್ಕೆ ಅವರಪ್ಪ ಸೈಲಾವ್, ಅಂದರೆ ಚುನಾವಣೆ, ಅಂತಲೇ ಹೆಸರಿಟ್ಟಿದ್ದರಂತೆ. "ಅವತ್ತೂ ಸಮಯಕ್ಕೆ ಸರಿಯಾಗೇ ಬಂದೆ, ಮತಪೆಟ್ಟಿಗೆ ಮುಚ್ಚೋಕೆ ಮುಂಚೆ," ಎಂದು ತಾವೇ ನಗುತ್ತಿದ್ದರು.

ನನ್ನ ಕೆಲಸವನ್ನು ಹೇಳಿಬಿಡುತ್ತೇನೆ, ಅದಿಲ್ಲದೆ ನನ್ನ ತಪ್ಪು ಅರ್ಥವಾಗುವುದಿಲ್ಲ. ರೈಲು ನಿಲ್ದಾಣದಿಂದ ಬೆಟ್ಟದ ಬುಡದ ಆಸ್ಪತ್ರೆಯವರೆಗೆ ಮೇಲಕ್ಕೆ ಹೋಗುವ ಟ್ರಾಲಿಬಸ್ ದಾರಿಯಲ್ಲಿ ಹತ್ತೊಂಬತ್ತು ಸಿಗ್ನಲ್‌ಗಳಿವೆ. ಪ್ರತಿ ಸಿಗ್ನಲ್ಲಿನ ಕಂಬದ ಪಕ್ಕ ಒಂದು ಬೂದು ಪೆಟ್ಟಿಗೆ. ಆ ಪೆಟ್ಟಿಗೆಗಳಿಗೆ ಬುದ್ಧಿ ಹೇಳುವವಳು ನಾನು. ಟ್ರಾಲಿಬಸ್ ಹತ್ತಿರ ಬಂದಾಗ ‘ಬಂದೆ’ ಎಂದು ಪೆಟ್ಟಿಗೆಗೆ ತಿಳಿಸುತ್ತದೆ. ಗಾಡಿ ಎರಡು ನಿಮಿಷಕ್ಕಿಂತ ಹೆಚ್ಚು ತಡವಾಗಿದ್ದರೆ ಪೆಟ್ಟಿಗೆ ಹಸಿರನ್ನು ಒಂದಷ್ಟು ಸೆಕೆಂಡು ಎಳೆದುಕೊಡುತ್ತದೆ, ಇಲ್ಲವೇ ಕೆಂಪನ್ನು ಬೇಗ ಮುಗಿಸುತ್ತದೆ. ರಸ್ತೆ ದಾಟುವ ಮುದುಕರ ಸೆಕೆಂಡುಗಳನ್ನು ಮಾತ್ರ ಮುಟ್ಟುವ ಹಾಗಿಲ್ಲ, ಅದು ನನ್ನ ಹಟ. ಹೊತ್ತಿಗೆ ಸರಿಯಾಗಿ ಬಂದ ಗಾಡಿಗೆ ಏನೂ ಸಿಗುವುದಿಲ್ಲ.

ಯಾಕೆ ಸಿಗುವುದಿಲ್ಲ ಎಂದು ಚಳಿಗಾಲದಲ್ಲಿ ಡಿಪೋದಲ್ಲಿ ಚಾಲಕರನ್ನೆಲ್ಲ ಕೂರಿಸಿ ನಾನೇ ಪಾಠ ಮಾಡಿದ್ದೆ. "ಮುಂಚೆ ಹೋಗೋ ಗಾಡಿ ತಡವಾಗಿ ಹೋಗೋ ಗಾಡಿಗಿಂತ ಕೆಟ್ಟದ್ದು. ತಡವಾದ್ರೆ ಜನ ಕಾಯ್ತಾರೆ, ಬೈತಾರೆ, ಹತ್ತುತಾರೆ. ಮುಂಚೆ ಹೋದ್ರೆ ಗಾಡೀನೇ ಸಿಗಲ್ಲ. ಸರಿಯಾಗಿ ಬರೋನಿಗೆ ನಾನು ಹಸಿರು ಕೊಟ್ರೆ ಏನಾಗುತ್ತೆ? ಗಡಿಯಾರದ ನಿಲ್ದಾಣಕ್ಕೆ ಬೇಗ ಬರ್ತಾನೆ, ಅಲ್ಲಿ ಹೊತ್ತಾಗೋವರೆಗೂ ಸುಮ್ನೆ ನಿಲ್ತಾನೆ. ಹಸಿರು ದಂಡ!" ಹನ್ನೆರಡನೇ ಸಿಗ್ನಲ್ ದಾಟಿದ ಮೇಲೆ, ಹಳೆಯ ಗಿರಣಿಯ ಗೋಡೆಯ ದೊಡ್ಡ ಗಡಿಯಾರದ ಕೆಳಗೆ ಆ ನಿಲ್ದಾಣವಿದೆ. ಮುಂಚೆ ಬಂದ ಚಾಲಕ ಪಟ್ಟಿಯಲ್ಲಿರುವ ನಿಮಿಷ ಬರುವ ತನಕ ಅಲ್ಲಿಂದ ಕದಲಬಾರದು. ಸೈಲಾವ್ ಅಗಾ ಮುಂದಿನ ಸಾಲಿನಲ್ಲಿ ಕೂತು ಇದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಬರೆದುಕೊಂಡವರು ಅವರೊಬ್ಬರೇ.

ಪಾಠ ಮುಗಿದ ಮೇಲೆ ಥರ್ಮಾಸಿನಿಂದ ನನಗೂ ಹಾಲಿನ ಚಹಾ ಬಗ್ಗಿಸಿಕೊಟ್ಟು ಕೂತರು. ಅವರ ಮತ್ತು ಅವರ ಸ್ವಂತ ಅಣ್ಣನ ಕಥೆಯನ್ನು ಅವರ ಬಾಯಿಂದಲೇ ಕೇಳಿದ್ದು ಅವತ್ತು. ಡಿಪೋಗೆಲ್ಲ ಗೊತ್ತಿದ್ದ ಕಥೆ ಅದು.

ಏಳು ವರ್ಷದ ಹಿಂದೆ ಅಗಾ ಡಿಪೋದಿಂದ ಒಂದೆರಡು ತಿಂಗಳ ರಜೆ ಪಡೆದು ಬೇರೆ ಕೆಲಸಕ್ಕೆಂದು ರಷ್ಯಾದಲ್ಲಿದ್ದಾಗ ತಾಯಿ ತೀರಿಕೊಂಡಿದ್ದರು. ನಮ್ಮಲ್ಲಿ ಸಾವಿನ ಸುದ್ದಿಯನ್ನು ಹಾಗೆ ಮುಖದ ಮೇಲೆ ಎಸೆಯುವುದಿಲ್ಲ. ಹಿರಿಯರು ಸೇರಿ, ಎದುರು ಕೂರಿಸಿಕೊಂಡು, ಭುಜ ಹಿಡಿದು, ಸುತ್ತುಬಳಸಿ ತಂದು ಹೇಳುತ್ತಾರೆ. ಅಲ್ಲಿಯ ತನಕ ಊರಿಗೆಲ್ಲ ಗೊತ್ತಿದ್ದರೂ ಆ ಒಬ್ಬರಿಗೆ ಗೊತ್ತಾಗಬಾರದು. ದೂರ ಇರುವವನಿಗೆ ಫೋನಿನಲ್ಲಿ ಹೇಳುವುದಂತೂ ಪಾಪವೆಂದೇ ಲೆಕ್ಕ. ಅಣ್ಣ ಬೈಗಾಬಿಲ್ ಅದನ್ನೇ ಪಾಲಿಸಿದರು. ಹದಿನೇಳು ದಿನ, ಅಗಾ ಫೋನ್ ಮಾಡಿದಾಗಲೆಲ್ಲ, "ಅಮ್ಮನಿಗೆ ಸ್ವಲ್ಪ ನೆಗಡಿ, ಮಲಗಿದ್ದಾಳೆ," ಅಂದರು. ಅಗಾ ಅಮ್ಮನಿಗೆಂದು ಉಣ್ಣೆಯ ಶಾಲು ಕೊಂಡು ರೈಲಿನಲ್ಲಿ ಬಂದರು. ನಿಲ್ದಾಣದಲ್ಲಿ ಐದು ಜನ ಹಿರಿಯರು ನಿಂತಿದ್ದರು.

"ಶಾಲು ನನ್ನ ಕೈಯಲ್ಲೇ ಇತ್ತು ಕರಿಂದಾಸ್," ಎಂದರು ಅಗಾ. "ಮಣ್ಣು ಹಾಕೋಕೂ ನನಗೆ ಬಿಡಲಿಲ್ಲ ಅವನು. ನೆಗಡಿಯಂತೆ! ಅವತ್ತಿಂದ ಅವನ ಮುಖ ನೋಡಿಲ್ಲ, ನೋಡೋದೂ ಇಲ್ಲ. ಈಗ ಯಾರಾದ್ರೂ ‘ಸ್ವಲ್ಪ ಹುಷಾರಿಲ್ಲ’ ಅಂದ್ರೆ ಸಾಕು, ಸತ್ತಿದ್ದಾರೆ ಅಂತಲೇ ನನ್ನ ಲೆಕ್ಕ."

ಈ ಮಾತನ್ನು ನನ್ನೆದುರು, ನನ್ನ ಕಣ್ಣು ನೋಡಿಕೊಂಡು ಹೇಳಿದ್ದರು. ಕೇಳಿಸಿಕೊಂಡು, ತಲೆಯಾಡಿಸಿ, ಚಹಾ ಕುಡಿದು ಎದ್ದುಬಂದಿದ್ದೆ.

ಏಪ್ರಿಲ್ ತಿಂಗಳ ಒಂದು ಮಂಗಳವಾರ, ಹತ್ತೂ ಮುಕ್ಕಾಲರ ಹೊತ್ತಿಗೆ, ನಮ್ಮ ನಿಯಂತ್ರಣ ಕೋಣೆಯ ದೂರಿನ ಫೋನು ರಿಂಗಾಯಿತು. ಪಕ್ಕದ ಮೇಜಿನ ನೀನಾ ಎತ್ತಿದಳು. ಗಾಡಿಗಳ ಓಡಾಟ ನೋಡಿಕೊಳ್ಳುವವಳು ಅವಳು. ಕೊರಿಯದ ಮೂಲದವಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಬಾಯಿ ಮಾತ್ರ ಬಹಳ ನೇರ. ಸ್ವಲ್ಪ ಹೊತ್ತು ಕೇಳಿ, ಫೋನನ್ನು ನನ್ನ ಕಡೆ ಚಾಚಿದಳು. "ರೌಶಾನ್, ನೀವೇ ಮಾತಾಡಿ. ಅಳ್ತಾ ಇದ್ದಾರೆ."

ಬೈಗಾಬಿಲ್ ಅವರ ಹೆಂಡತಿ ಕುಲ್ಯಾಶ್, ಬೆಟ್ಟದ ಬುಡದ ಆಸ್ಪತ್ರೆಯಿಂದ. ಮೈದುನ ತನ್ನ ಫೋನ್ ಎತ್ತುವುದಿಲ್ಲ, ಎತ್ತುತ್ತಿದ್ದರೂ ಕೆಲಸದ ಹೊತ್ತಿನಲ್ಲಿ ಚಾಲಕರ ಫೋನು ಡಿಪೋದ ಕಪಾಟಿನಲ್ಲಿರುತ್ತದೆ. ಪಾಪ, ಟ್ರಾಲಿಬಸ್ಸಿನ ಬಾಗಿಲಿನ ಮೇಲೆ ಅಂಟಿಸಿದ ದೂರಿನ ನಂಬರನ್ನು ಹುಡುಕಿ ಹಿಡಿದಿದ್ದರು.

"ಡಾಕ್ಟ್ರು ಇವರಿಗೆ ಇನ್ನೊಂದು ಗಂಟೆ ಅಂದಿದ್ದಾರೆ, ಅಷ್ಟೂ ಇಲ್ಲವೇನೋ," ಎಂದರು. "ಸೈಲಾವ್‌ನ ಕರೀರಿ ಅಂತಿದ್ದಾರೆ ಇವರು. ಬಕಿಲ್ ಹೇಳ್ಬೇಕಂತೆ. ಬೇರೇನೂ ಕೇಳ್ತಿಲ್ಲ. ಆದ್ರೆ ಅವನಿಗೆ ಏನೂ ಹೇಳ್ಬೇಡಿ ತಾಯಿ, ಗಾಡಿ ನಡೆಸ್ತಾ ಇದ್ದಾನೆ. ಇಲ್ಲಿ ಇಬ್ಬರು ಹಿರಿಯರು ಕೊನೇ ನಿಲ್ದಾಣದಲ್ಲಿ ನಿಂತಿರ್ತಾರೆ, ಅವರು ಹೇಳ್ತಾರೆ."

ಬಕಿಲ್ ಎಂದರೆ ದೊಡ್ಡ ಮಾತೇನಲ್ಲ. ಸಾಯುವವರು ‘ನನ್ನದು ತಪ್ಪಿದ್ದರೆ ಕ್ಷಮಿಸು’ ಅನ್ನುತ್ತಾರೆ, ಉಳಿಯುವವರು ‘ಕ್ಷಮಿಸಿದೆ, ನೀನೂ ಕ್ಷಮಿಸು’ ಅನ್ನುತ್ತಾರೆ. ಅರ್ಧ ನಿಮಿಷದ ಕೆಲಸ. ಅದಾಗದಿದ್ದರೆ ಹೋದವರಿಗೂ ಇದ್ದವರಿಗೂ ನೆಮ್ಮದಿಯಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದಳು, ನಾನೂ ನಂಬುತ್ತೇನೆ.

ಪರದೆಯ ನಕ್ಷೆಯಲ್ಲಿ ನೋಡಿದೆ. ಅಗಾ ಅವರ ಗಾಡಿ, ನಂಬರ್ ಎರಡು ಸಾವಿರದ ನಲವತ್ತೇಳು, ರೈಲು ನಿಲ್ದಾಣದಿಂದ ಹೊರಟು ಎರಡನೇ ಸಿಗ್ನಲ್ ಬಳಿ ಇತ್ತು. ಹೊತ್ತಿಗೆ ಸರಿಯಾಗಿ.

"ಇಳಿಸಿ ಟ್ಯಾಕ್ಸಿ ಹತ್ತಿಸಿದ್ರೆ?" ನಾನು ಕೇಳಿದೆ.

"ಈ ಜಾಮ್‌ನಲ್ಲಾ? ಇವತ್ತು ಮೇಲೆ ಹೋಗೋ ರಸ್ತೆಗಳೆಲ್ಲಾ ಕಟ್ಟಿಕೊಂಡಿವೆ. ಟ್ರಾಲಿಬಸ್‌ಗಾದ್ರೆ ಅದರದೇ ಸಾಲು ಇದೆ," ಎಂದಳು ನೀನಾ. "ರೇಡಿಯೊದಲ್ಲಿ ಹೇಳಿಬಿಡೋಣ. ‘ನಿಮ್ಮಣ್ಣ ಸಾಯ್ತಿದ್ದಾರೆ, ಇನ್ನೂ ಜೀವ ಇದೆ, ಬೇಗ ಬನ್ನಿ’ ಅಂತ. ಅಷ್ಟೇ ತಾನೆ?"

"ಗಾಡೀಲಿ ಎಪ್ಪತ್ತು ಜನ ಇದ್ದಾರೆ ನೀನಾ. ಹಾಗೆಲ್ಲ ಹೇಳೋಕಾಗುತ್ತಾ?"

"ನಿಮ್ಮ ಪದ್ಧತಿ ನನಗೆ ಈ ಜನ್ಮದಲ್ಲಿ ಅರ್ಥ ಆಗಲ್ಲ."

"ಅರ್ಥ ಆಗೋದೇನೂ ಬೇಡ. ನಾನು ಅವರನ್ನ ಬೇಗ ತಲುಪಿಸ್ತೀನಿ ನೋಡು," ಎಂದೆ. ಎಷ್ಟು ಜಂಬದಿಂದ ಅಂದೆ! ಅವರ ಗಾಡಿ ಹತ್ತು ನಿಮಿಷ ತಡವಾಗಿದೆ ಎಂದು ಹತ್ತೊಂಬತ್ತು ಪೆಟ್ಟಿಗೆಗಳಿಗೂ ಸುಳ್ಳು ಬರೆದೆ. ಒಂದೇ ಸಾಲು. ಒಂದು ನಿಮಿಷವೂ ಹಿಡಿಯಲಿಲ್ಲ.

ಮೂರನೇ ಸಿಗ್ನಲ್ ಕೆಂಪಿನಿಂದ ಹಸಿರಿಗೆ ತಿರುಗಿತು. ನಾಲ್ಕನೆಯದು ಹಸಿರನ್ನೇ ಹಿಡಿದು ಕಾಯಿತು. ಐದನೆಯದು ದಾಟುವಾಗ ರೇಡಿಯೊ ಗರಗರ ಎಂದಿತು.

"ಕರಿಂದಾಸ್! ಏನಾಯ್ತು ನಿಮ್ಮ ಪೆಟ್ಟಿಗೆಗಳಿಗೆ? ನನ್ನ ಮದುವೆ ಗಿದುವೆ ಇದೆಯಾ ಇವತ್ತು?"

"ಪರೀಕ್ಷೆ ಮಾಡ್ತಿದ್ದೀವಿ ಅಗಾ," ಎಂದೆ. ನಗುವ ದನಿ ತರಿಸಿಕೊಂಡೆ. "ನೀವೇ ಕೇಳ್ತಿದ್ರಲ್ಲ ಹಸಿರು ಬೇಕು ಅಂತ. ತಗೊಳ್ಳಿ."

"ನೋಡಿದ್ರಾ, ಬೈದ್ರೆ ಕೆಲಸ ಆಗುತ್ತೆ! ಇಲ್ಲಿ ಒಬ್ಬಳು ಅಜ್ಜಿ ನಿಮ್ಮನ್ನ ಹರಸ್ತಾ ಇದ್ದಾಳೆ."

ಆರು, ಏಳು, ಎಂಟು. ಎಲ್ಲವೂ ಹಸಿರು. ನಾನು ಕುಲ್ಯಾಶ್‌ಗೆ ಫೋನ್ ಮಾಡಿ, ಅಂಚೆ ಕಚೇರಿ ದಾಟಿದರು, ಮಾರುಕಟ್ಟೆ ದಾಟಿದರು, ಗಡಿಯಾರದ ಹತ್ತಿರ ಬಂದರು ಎಂದು ಹೇಳುತ್ತಿದ್ದೆ. ಅವರು ಅದನ್ನು ಗಂಡನ ಕಿವಿಯಲ್ಲಿ ಹೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಎಂಟನೆಯದರ ನಂತರ ಅಗಾ ರೇಡಿಯೊದಲ್ಲಿ ಮಾತೇ ಆಡಲಿಲ್ಲ. ನಾನು ಅದನ್ನು ಗಮನಿಸಲಿಲ್ಲ. ಸೆಕೆಂಡುಗಳನ್ನು ನೋಡುತ್ತಿದ್ದೆ, ಮನುಷ್ಯನನ್ನಲ್ಲ.

ಹನ್ನೆರಡನೆಯದನ್ನು ದಾಟಿ, ನಕ್ಷೆಯ ಮೇಲಿನ ಅವರ ಗಾಡಿಯ ಚುಕ್ಕೆ ಗಡಿಯಾರದ ನಿಲ್ದಾಣದಲ್ಲಿ ನಿಂತಿತು. ಜನ ಇಳಿದು ಹತ್ತುವಷ್ಟು ಹೊತ್ತಾಯಿತು. ಚುಕ್ಕೆ ಕದಲಲಿಲ್ಲ.

ಹನ್ನೊಂದು ಗಂಟೆ ಹದಿನೇಳು ನಿಮಿಷ. ಪಟ್ಟಿಯ ಪ್ರಕಾರ ಅವರು ಅಲ್ಲಿಂದ ಹೊರಡಬೇಕಾದದ್ದು ಹನ್ನೊಂದು ಇಪ್ಪತ್ತೊಂದಕ್ಕೆ.

ದಂಡದ ಹಸಿರು. ನಾನೇ ಕಲಿಸಿದ ಪಾಠ. ಮೈಕು ಎಳೆದುಕೊಂಡೆ.

"ಅಗಾ, ನಿಲ್ಲಬೇಡಿ, ಹೊರಡಿ."

"ಇನ್ನೂ ನಾಲ್ಕು ನಿಮಿಷ ಇದೆ," ಎಂದರು. ದನಿ ಬಹಳ ಸಣ್ಣಗಿತ್ತು.

"ಪರವಾಗಿಲ್ಲ, ಹೊರಡಿ. ಅಪ್ಪಣೆ ಅಂದ್ಕೊಳ್ಳಿ."

"ಏನು ಸಮಾಚಾರ ಕರಿಂದಾಸ್?"

ನೀನಾ ನನ್ನ ಮುಖ ನೋಡಿದಳು. "ಹೇಳಿ," ಎಂದಳು. "ಹೇಳ್ರೀ! ಬದುಕಿದ್ದಾರೆ ಅಂತ ಹೇಳಿ!" ಮೈಕಿಗೆ ಕೈ ಹಾಕಿದಳು. ನಾನು ಅವಳ ಕೈಯನ್ನು ಮೇಜಿಗೆ ಒತ್ತಿ ಹಿಡಿದೆ. ಐವತ್ತು ವರ್ಷ ನನ್ನ ಮನೆಯಲ್ಲಿ, ನನ್ನ ಬೀದಿಯಲ್ಲಿ ಕಲಿತದ್ದೆಲ್ಲ ಆ ಕೈಯಲ್ಲಿತ್ತು. ಬಿಡಲಾಗಲಿಲ್ಲ.

"ಏನೂ ಇಲ್ಲ ಅಗಾ. ಪರೀಕ್ಷೆ."

"ಸರಿ. ಹೊತ್ತಿಗೆ ಹೊರಡ್ತೀನಿ," ಎಂದರು.

ಹೊತ್ತಿಗೆ ಸರಿಯಾಗಿ ಹೊರಟರು. ಮೇಲಿನ ಏಳು ಸಿಗ್ನಲ್ಲುಗಳೂ ಹಸಿರು. ಹನ್ನೊಂದು ಮೂವತ್ತೆರಡಕ್ಕೆ ಆಸ್ಪತ್ರೆಯ ಮುಂದೆ ಗಾಡಿ ನಿಂತಿತು. ಬೈಗಾಬಿಲ್ ಹನ್ನೊಂದು ಮೂವತ್ತಮೂರಕ್ಕೆ ಹೋದರು. ಮೂರನೇ ಮಹಡಿಯ ಆ ಕೋಣೆಯ ಬಾಗಿಲಿಗೆ ಅಗಾ ಬಂದಾಗ ಹನ್ನೊಂದು ಮೂವತ್ತೈದು.

ಇದನ್ನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ. ಆ ನಾಲ್ಕು ನಿಮಿಷ ಇದ್ದಿದ್ದರೆ ಅಣ್ಣ ತಮ್ಮ ಇಬ್ಬರಿಗೂ ಎರಡು ನಿಮಿಷ ಸಿಗುತ್ತಿತ್ತು. ಬಕಿಲ್‌ಗೆ ಅಷ್ಟೂ ಬೇಡ.

ಏಳನೇ ದಿನದ ಕಾರ್ಯ ಮುಗಿಸಿ ಅಗಾ ಕೆಲಸಕ್ಕೆ ಬಂದರು. ಪೆಟ್ಟಿಗೆಗಳಲ್ಲಿ ನಾನು ಬರೆದ ಆ ಸುಳ್ಳಿನ ಸಾಲನ್ನು ನಾನು ತೆಗೆದಿರಲಿಲ್ಲ. ಮೊದಲು ಮರೆತಿದ್ದೆ. ನೆನಪಾದ ಮೇಲೆ ತೆಗೆಯಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಕೇಳುತ್ತಿದ್ದರು, ಹಸಿರಾದರೂ ಇರಲಿ ಅವರಿಗೆ, ಎಂದುಕೊಂಡೆ. ಬೇರೆ ಏನು ಕೊಡಲು ಸಾಧ್ಯವಿತ್ತು ನನ್ನಿಂದ? ಮೇಲಿನವರು ಕೇಳಿದರೆ ಏನಾದರೂ ಹೇಳಿಕೊಂಡರಾಯಿತು. ಅಗಾ ರೇಡಿಯೊದಲ್ಲಿ ದೂರು ಹೇಳುವುದನ್ನು ನಿಲ್ಲಿಸಿಬಿಟ್ಟಿದ್ದರು. ಹಸಿರು ಸಿಕ್ಕಿದ್ದಕ್ಕೆ ಎಂದು ನಾನು ನನ್ನನ್ನೇ ನಂಬಿಸಿಕೊಂಡಿದ್ದೆ.

ನಲವತ್ತನೇ ದಿನದ ಊಟಕ್ಕೆ ಕುಲ್ಯಾಶ್ ನಮ್ಮಿಬ್ಬರನ್ನೂ ಕರೆದರು. ನೀನಾ ಒಂದು ಡಬ್ಬ ಸಿಹಿ ಕೊಟ್ಟುಬಿಟ್ಟು ಬೇಗ ಹೋದಳು. ಆ ದಿನದಿಂದ ಅವಳು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ, ಆಡದಿದ್ದರೆ ತಪ್ಪೂ ಅಲ್ಲ. ಪ್ರಾರ್ಥನೆ ಮುಗಿದು, ಮಾಂಸದ ತಟ್ಟೆಗಳು ಖಾಲಿಯಾಗಿ, ದೊಡ್ಡವರೆಲ್ಲ ಎದ್ದ ಮೇಲೆ ಕುಲ್ಯಾಶ್ ಚಹಾ ಬಗ್ಗಿಸುತ್ತಾ ಕೂತರು. ಅಗಾ ಮೂಲೆಯಲ್ಲಿ ದಿಂಬಿಗೆ ಒರಗಿದ್ದರು.

"ನೀವು ಗಡಿಯಾರದ ಹತ್ರ ಬಂದ್ರು ಅಂದ್ರಲ್ಲ," ಎಂದು ಕುಲ್ಯಾಶ್ ನನ್ನ ಕಡೆ ತಿರುಗಿದರು. "ನಾನು ಅದನ್ನೇ ಇವರ ಕಿವೀಲಿ ಹೇಳ್ದೆ. ನಕ್ಕರು. ‘ಹಾಗಾದ್ರೆ ಕಾಯ್ಬೇಕು, ಹೊತ್ತಿಗೆ ಮುಂಚೆ ಹೊರಡೋನಲ್ಲ ನನ್ನ ತಮ್ಮ,’ ಅಂದ್ರು. ಅದೇ ಕೊನೇ ಮಾತು. ಎಷ್ಟು ಹೆಮ್ಮೆಯಿಂದ ಅಂದ್ರು ಗೊತ್ತಾ?"

ನನಗೆ ತಡೆಯಲಾಗಲಿಲ್ಲ. ಹಸಿರು ಕೊಟ್ಟದ್ದು, ನಿಲ್ದಾಣದ ನಿಯಮ ಮರೆತದ್ದು, ನೀನಾಳ ಕೈ ಹಿಡಿದದ್ದು, ಎಲ್ಲ ಹೇಳಿಬಿಟ್ಟೆ. "ನಿಯಮ ಅಂತ ನೀವು ನಿಂತ್ರಿ ಅಗಾ. ಆ ನಿಯಮ ಕಲಿಸಿದ್ದು ನಾನು. ಆ ನಾಲ್ಕು ನಿಮಿಷ ನನ್ನದು," ಎಂದೆ.

ಅಗಾ ತಲೆಯಲ್ಲಾಡಿಸಿದರು.

"ನಿಯಮಕ್ಕಲ್ಲ ನಾನು ನಿಂತಿದ್ದು," ಎಂದರು. "ಎಂಟನೇ ಸಿಗ್ನಲ್ಲಿಗೇ ನನಗೆ ಗೊತ್ತಾಯ್ತು. ಇಪ್ಪತ್ತಾರು ವರ್ಷ ಆ ದಾರೀಲಿ ಗಾಡಿ ನಡೆಸಿದ್ದೀನಿ, ನನಗೆ ಸುಮ್ನೆ ಯಾರು ಹಸಿರು ಕೊಡ್ತಾರೆ? ನೀವು ನಗ್ತಾ ಮಾತಾಡಿದ್ರಲ್ಲ, ಆ ನಗು ನಾನು ಕೇಳಿದ್ದೆ. ಅಮ್ಮನಿಗೆ ನೆಗಡಿ ಅಂದಾಗ ಅಣ್ಣ ಹಾಗೇ ನಕ್ಕಿದ್ದ. ಅವನು ಆಸ್ಪತ್ರೇಲಿದ್ದಾನೆ ಅಂತ ಡಿಪೋದಲ್ಲಿ ಯಾರೋ ಅಂದಿದ್ರು. ಸತ್ತ ಅಂದ್ಕೊಂಡೆ. ನಮ್ಮಲ್ಲಿ ಬದುಕಿರೋರ ಸುದ್ದಿನ ಇಷ್ಟು ಕಷ್ಟಪಟ್ಟು ಯಾರು ಮುಚ್ಚಿಡ್ತಾರೆ ಹೇಳಿ?"

ಅಗಾ ದಿಂಬಿನಿಂದ ಮುಂದಕ್ಕೆ ಬಾಗಿದರು.

"ಸತ್ತೋನ ಹತ್ರ ಬೇಗ ಹೋಗಿ ಏನ್ ಮಾಡೋದು? ನೀವು ಹೊರಡಿ ಅಂದ್ರಿ. ಎದೆ ಗಟ್ಟಿ ಮಾಡ್ಕೊಳ್ಳೋಕೆ ಸ್ವಲ್ಪ ಹೊತ್ತು ಬೇಕಿತ್ತು ನನಗೆ. ಕ್ಯಾಬಿನ್ ಪರದೆ ಎಳ್ಕೊಂಡು ಕೂತು ಅತ್ತೆ. ಜಗಳ ಬಿಟ್ಟೆ ಅಣ್ಣ, ಕ್ಷಮಿಸಿದೆ, ನೀನೂ ಕ್ಷಮಿಸು ಅಂತ ಅಲ್ಲೇ ಬಕಿಲ್ ಹೇಳ್ದೆ. ಸತ್ತೋನಿಗೆ ಹೇಳ್ತಿದ್ದೀನಿ ಅಂದ್ಕೊಂಡು ಹೇಳ್ದೆ ಕರಿಂದಾಸ್. ಅವನು ಆಸ್ಪತ್ರೇಲಿ ಬಾಗಿಲು ನೋಡ್ತಾ ಇದ್ದ." ಬಟ್ಟಲನ್ನು ಕೆಳಗಿಟ್ಟರು. "ಕೊನೇ ನಿಲ್ದಾಣದಲ್ಲಿ ಹಿರಿಯರಿಬ್ಬರು ತೋಳು ಹಿಡಿದ್ರು. ಯಾವಾಗ ಹೋದ ಅಂತ ಕೇಳ್ದೆ. ‘ಇದ್ದಾನೆ, ನಡಿ ನಡಿ’ ಅಂದ್ರು. ಮೆಟ್ಟಿಲು ಹತ್ತಿ ಓಡ್ದೆ. ಆವಾಗ ಓಡ್ದೆ."

ಕುಲ್ಯಾಶ್ ಸೆರಗಿನಂತೆ ಹೊದ್ದ ಬಿಳಿ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡರು. ನನಗೆ ಅವರಿಬ್ಬರ ಮುಂದೆ ಕೂರುವ ಯೋಗ್ಯತೆಯೇ ಇಲ್ಲ ಅನ್ನಿಸಿತು. ‘ಬದುಕಿದ್ದಾರೆ’ ಎಂಬ ಒಂದು ಮಾತು. ನೀನಾ ಅದನ್ನೇ ಹೇಳು ಎಂದು ಕಿರುಚಿದ್ದಳು.

"ನನಗೂ ಬಕಿಲ್ ಕೊಡಿ ಅಗಾ," ಎಂದೆ.

"ಯಾಕೆ, ನೀವೇನು ಸಾಯ್ತಿದ್ದೀರಾ? ಸುಮ್ನೆ ಕೂತು ಚಹಾ ಕುಡೀರಿ." ಬಟ್ಟಲನ್ನು ನನ್ನ ಕಡೆ ತಳ್ಳಿದರು. ಆಮೇಲೆ, ಕೇಳಲೋ ಬೇಡವೋ ಎಂಬಂತೆ ಕೇಳಿದರು. "ಒಂದು ಕೆಲಸ ಮಾಡ್ತೀರಾ? ಆ ಹಸಿರು ತೆಗೆದುಬಿಡಿ."

"ಯಾವ ಹಸಿರು?"

"ನನ್ನ ಗಾಡಿಗೆ ಹಾಕಿದ್ದೀರಲ್ಲ, ಅದು. ಇನ್ನೂ ಬರ್ತಾ ಇದೆ. ದಿನಾ ಆರು ಸಲ ಮೇಲೆ ಹೋಗ್ತೀನಿ. ಆರು ಸಲವೂ ಗಡಿಯಾರದ ನಿಲ್ದಾಣಕ್ಕೆ ನಾಲ್ಕು ನಿಮಿಷ ಮುಂಚೆ ಬರ್ತೀನಿ. ಅಲ್ಲಿ ಸುಮ್ನೆ ಕೂತ್ಕೋಬೇಕು. ನನ್ನ ಕೈಲಿ ಆಗ್ತಾ ಇಲ್ಲ ಕರಿಂದಾಸ್."

ಮರುದಿನ ಬೆಳಿಗ್ಗೆ ಆರಕ್ಕೇ ಹೋಗಿ, ಕೋಟು ಕೂಡ ಬಿಚ್ಚದೆ, ಹತ್ತೊಂಬತ್ತು ಪೆಟ್ಟಿಗೆಗಳಿಂದಲೂ ಆ ಸಾಲನ್ನು ಅಳಿಸಿದೆ. ಎರಡು ಸಾವಿರದ ನಲವತ್ತೇಳು ತಡವಾಗಿಲ್ಲ. ಏಳು ಗಂಟೆಗೆ ಚುಕ್ಕೆ ರೈಲು ನಿಲ್ದಾಣದಿಂದ ಹೊರಟು ಮೊದಲ ಸಿಗ್ನಲ್‌ನಲ್ಲಿ ನಿಂತಿತು. ಎರಡನೆಯದರಲ್ಲೂ ನಿಂತಿತು. ಮೂರನೆಯದರಲ್ಲಿ ರೇಡಿಯೊ ಗರಗರ ಎಂದಿತು.

"ಕೆಂಪು ಬಿತ್ತು ಕರಿಂದಾಸ್," ಎಂದರು ಅಗಾ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."